ಕೇಬಲ್ ಕಿತ್ತರೂ ಪ್ರೋಗ್ರಾಮ್‌ಗೆ ಗೊತ್ತಾಗುತ್ತಿಲ್ಲ (ಲಿನಕ್ಸ್, ಸಿ)

ಪ್ರಶ್ನೆ:
ನೆಟ್‌ವರ್ಕ್ ಹೋದರೆ ಸಾಕೆಟ್ ಮುಚ್ಚಿ, ಬಂದಾಗ ಮತ್ತೆ ತೆರೆಯುವ ಸಣ್ಣ ಪ್ರೋಗ್ರಾಮ್ ಇದು. ಸೆಕೆಂಡಿಗೊಮ್ಮೆ ಗೆಟ್‌ಇಫ್‌ಆಡರ್ಸ್ (ಇಂಟರ್‌ಫೇಸ್‌ಗಳ, ಅಂದರೆ ನೆಟ್‌ವರ್ಕ್ ಸಂಪರ್ಕ ಬಿಂದುಗಳ, ಪಟ್ಟಿ ಕೊಡುವ ಫಂಕ್ಷನ್) ಕರೆದು, ಐಪಿ ವಿಳಾಸಗಳನ್ನು ಹಳೇ ಪಟ್ಟಿಯ ಜೊತೆ ಹೋಲಿಸುತ್ತೇನೆ. ಈಥರ್ನೆಟ್ ಕೇಬಲ್ ಕಿತ್ತರೂ ವಿಳಾಸ ಹಾಗೇ ಇರುತ್ತದೆ. ಯಾಕೆ?

ಉತ್ತರ:
ಕೇಬಲ್ ಹೋಯಿತು ಅಂತ ಕರ್ನಲ್ (ಲಿನಕ್ಸ್‌ನ ತಿರುಳು) ತಾನಾಗಿ ಐಪಿವಿ4 ವಿಳಾಸ ತೆಗೆಯುವುದಿಲ್ಲ. ಇಂಟರ್‌ಫೇಸ್‌ನ ಸ್ಥಿತಿ ಹೇಳುವ ಬಿಟ್‌ಗಳನ್ನು, ಅಂದರೆ ಫ್ಲ್ಯಾಗ್ ನೋಡಿ. ಅದರಲ್ಲೂ ಐಎಫ್‌ಎಫ್_ಅಪ್ ನಂಬಬೇಡಿ, ಇಂಟರ್‌ಫೇಸ್ ಆನ್ ಮಾಡಿದ್ದಾರೆ ಅನ್ನುವುದಷ್ಟೇ ಅದರ ಅರ್ಥ. ಕೇಬಲ್ ಕಿತ್ತಾಗ ಆರುವುದು ಐಎಫ್‌ಎಫ್_ರನ್ನಿಂಗ್.

ಇನ್ನು ಸೆಕೆಂಡಿಗೊಮ್ಮೆ ಕೇಳುವುದನ್ನೇ ಬಿಡಿ. ನಡುವೆ ಲಿಂಕ್ ಹೋಗಿ ಬಂದರೆ ನಿಮಗೆ ಗೊತ್ತೇ ಆಗುವುದಿಲ್ಲ. ಕರ್ನಲ್ ಜೊತೆ ಮಾತಾಡಲು ಎಎಫ್_ನೆಟ್‌ಲಿಂಕ್ ಸಾಕೆಟ್ ತೆರೆಯಿರಿ, ಪ್ರೋಟೋಕಾಲ್ ನೆಟ್‌ಲಿಂಕ್_ರೂಟ್. ಬೈಂಡ್ ಮಾಡುವಾಗ ಆರ್‌ಟಿಎಂಜಿಆರ್‌ಪಿ_ಲಿಂಕ್ ಗುಂಪು ಸೇರಿಸಿ. ಬದಲಾವಣೆ ಆದಾಗ ಕರ್ನಲ್ಲೇ ಹೇಳುತ್ತದೆ. ಕೋಡ್ ಬರೆಯುವ ಮೊದಲು ಟರ್ಮಿನಲ್‌ನಲ್ಲಿ 'ಐಪಿ ಮಾನಿಟರ್ ಲಿಂಕ್' ಓಡಿಸಿ, ಸುಮ್ನೆ ಕೇಬಲ್ ಕಿತ್ತು ಹಾಕಿ ನೋಡಿ.

ಪ್ರಶ್ನೆ ಕೇಳಿದವರು:
ಈಗ ತಕ್ಷಣ ಗೊತ್ತಾಗುತ್ತಿದೆ. ಆದರೆ ವೈಫೈ ಇರುವ ಯಂತ್ರದಲ್ಲಿ ಏನೂ ಮಾಡದಿದ್ದರೂ ಆಗಾಗ ಆರ್‌ಟಿಎಂ_ನ್ಯೂಲಿಂಕ್ ಸಂದೇಶ ಬರುತ್ತದೆ. ಪ್ರತಿ ಸಲ ಸಾಕೆಟ್ ಮುಚ್ಚಿ ತೆರೆಯುತ್ತಿದೆ!

ಉತ್ತರ:
ಇರುವ ಇಂಟರ್‌ಫೇಸ್‌ನಲ್ಲಿ ಏನಾದರೂ ಬದಲಾದರೂ ಅದೇ ಸಂದೇಶ ಬರುತ್ತದೆ. ವೈಫೈ ಸ್ಕ್ಯಾನ್ ಆದಾಗಲೂ ಬರಬಹುದು. ಹಿಂದಿನ ಫ್ಲ್ಯಾಗ್ ನೆನಪಿಟ್ಟುಕೊಂಡು, ರನ್ನಿಂಗ್ ಬಿಟ್ ತಿರುಗಿದಾಗ ಮಾತ್ರ ಕೆಲಸ ಮಾಡಿ. ನೆನಪಿಡುವುದು ಇಫ್‌ಇಂಡೆಕ್ಸ್ (ಇಂಟರ್‌ಫೇಸ್‌ಗೆ ಕರ್ನಲ್ ಕೊಟ್ಟ ಸಂಖ್ಯೆ) ಮೇಲೆ ಇರಲಿ. ಹೆಸರು ಬೇಡ, ಅದು ಬದಲಾಗಬಹುದು. ಯುಎಸ್‌ಬಿ ಅಡಾಪ್ಟರ್ ಕಿತ್ತಾಗ ಆರ್‌ಟಿಎಂ_ಡೆಲ್‌ಲಿಂಕ್ ಬರುತ್ತದೆ, ಆಗ ಆ ದಾಖಲೆ ಅಳಿಸಿಬಿಡಿ.

ಇನ್ನೊಬ್ಬರು:
ಒಂದು ಮಾತು ಬಿಟ್ಟುಹೋಯಿತು. ಒಮ್ಮೆಗೇ ಜಾಸ್ತಿ ಸಂದೇಶ ಬಂದು ಬಫರ್ ತುಂಬಿದರೆ ರಿಸೀವ್ ಕರೆಗೆ ಇನೋಬಫ್ಸ್ ದೋಷ ಬರುತ್ತದೆ. ಅಂದರೆ ಕೆಲವು ಸಂದೇಶ ಹೋದವು, ಮತ್ತೆ ಸಿಗುವುದಿಲ್ಲ. ಬಹಳ ಜನ ಇದನ್ನು ಸಾಮಾನ್ಯ ದೋಷ ಅಂದುಕೊಂಡು ಲೂಪ್ ಮುಂದುವರಿಸುತ್ತಾರೆ. ಆಮೇಲೆ ಪ್ರೋಗ್ರಾಮ್ ಹಳೇ ಸ್ಥಿತಿಯನ್ನೇ ನಂಬಿಕೊಂಡು ಕೂತಿರುತ್ತದೆ. ಆಗ ಆರ್‌ಟಿಎಂ_ಗೆಟ್‌ಲಿಂಕ್ ಡಂಪ್ ಕೇಳಿ ಪೂರ್ತಿ ಪಟ್ಟಿ ಹೊಸದಾಗಿ ತರಿಸಿಕೊಳ್ಳಬೇಕು. ಶುರುವಿನಲ್ಲೂ ಅಷ್ಟೇ: ಮೊದಲು ಬೈಂಡ್, ಆಮೇಲೆ ಡಂಪ್. ತಿರುವುಮುರುವು ಮಾಡಿದರೆ ಎರಡರ ನಡುವೆ ಆದದ್ದು ತಪ್ಪಿಹೋಗುತ್ತದೆ.

ಪ್ರಶ್ನೆ ಕೇಳಿದವರು:
ಬಿಟ್ ಹೋಲಿಕೆ ಹಾಕಿದ ಮೇಲೆ ವೈಫೈ ಗಲಾಟೆ ನಿಂತಿತು. ಇದೇ ಪ್ರೋಗ್ರಾಮ್ ವಿಂಡೋಸ್‌ಗೂ ಬೇಕಾದರೆ?

ಉತ್ತರ:
ಅಲ್ಲಿ ನೆಟ್‌ಲಿಂಕ್ ಇಲ್ಲ. ನೋಟಿಫೈಐಪಿಇಂಟರ್‌ಫೇಸ್‌ಚೇಂಜ್ ಅನ್ನುವ ಫಂಕ್ಷನ್‌ಗೆ ನಿಮ್ಮ ಕಾಲ್‌ಬ್ಯಾಕ್ (ಬದಲಾವಣೆ ಆದಾಗ ಕರೆಯಬೇಕಾದ ನಿಮ್ಮ ಫಂಕ್ಷನ್) ಕೊಡಿ. ಆ ಕಾಲ್‌ಬ್ಯಾಕ್ ಬೇರೆ ಥ್ರೆಡ್‌ನಲ್ಲಿ ಓಡುತ್ತದೆ, ಎರಡೂ ಕಡೆ ಬಳಸುವ ಡೇಟಾಗೆ ಲಾಕ್ ಮರೆಯಬೇಡಿ.