ವಿಕಿ ಸರ್ಚ್ ಫಾಸ್ಟ್ ಮಾಡೋಕೆ ಹೋದೆ, ಈಗ ಮೋಟರ್ ಕೇಳಿದ್ರೆ ಮೀಟರ್ ಬರ್ತಿದೆ

ತಾಮ್ರತಂತಿ:
ಮಂಡ್ಯದ ಗುತ್ತಲು ರಸ್ತೇಲಿ ನಮ್ಮದು ಮೋಟರ್ ವೈಂಡಿಂಗ್ ಅಂಗಡಿ. ಯಾವ ಮೋಟರಿಗೆ ಎಷ್ಟು ಸ್ಲಾಟು, ಎಷ್ಟು ಸುತ್ತು, ಯಾವ ಗೇಜು (ತಂತಿಯ ದಪ್ಪ) ಅಂತ ಅಪ್ಪ ಇಪ್ಪತ್ತು ವರ್ಷ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದನ್ನೆಲ್ಲ ನಾನೇ ಬರೆದ ಪುಟ್ಟ ವಿಕಿಗೆ ಏರಿಸಿದ್ದೀನಿ. ಬರೆದಿದ್ದು ಪಿಎಚ್‌ಪಿಲಿ, ಡೇಟಾಬೇಸ್ ಎಸ್‌ಕ್ಯೂಲೈಟ್, ಓಡೋದು ಹಳೇ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಲ್ಲಿ. 2,600 ಪುಟ, ಪುಟಕ್ಕೊಂದು ಫೋಟೊ, ಫೈಲು 400 ಎಂಬಿ.

ಸರ್ಚ್ ಅಂದ್ರೆ ಬರೀ ಲೈಕ್ ಕ್ವೆರಿ, ಪ್ರತಿ ಸಲ ಎಲ್ಲಾ ಪುಟನೂ ಓದಿ ಹುಡುಕೋದು. ಕರೆಂಟ್ ಹೋಗಿ ಬಂದ ಮೇಲೆ ಮೊದಲ ಸಲ 12 ಸೆಕೆಂಡ್, ಆಮೇಲೆ ಸ್ವಲ್ಪ ವಾಸಿ. ಅಷ್ಟರಲ್ಲಿ ಅಪ್ಪ ನೋಟ್‌ಬುಕ್ ತಿರುವಿ, ಸುಟ್ಟ ಮೋಟರ್ ಹೊತ್ಕೊಂಡು ಬಂದೋರಿಗೆ ರೇಟೂ ಹೇಳಿರ್ತಾರೆ. ನನ್ನ ಮಾನ ಹೋಗ್ತಿದೆ.

ಎಫ್‌ಟಿಎಸ್5 ಹಾಕ್ದೆ, ಪದಗಳಿಗೆ ಮೊದಲೇ ಇಂಡೆಕ್ಸ್ ಮಾಡಿಡೋ ಎಸ್‌ಕ್ಯೂಲೈಟಿನದೇ ಸರ್ಚ್. ಒತ್ತಿದ ತಕ್ಷಣ ಬರುತ್ತೆ, ಆದ್ರೆ ‘ಮೋಟರ್’ ಅಂದ್ರೆ ‘ಮೀಟರ್’ ಇರೋ ಪುಟಾನೂ ತಂದು ಸುರೀತದೆ. ಎಲ್ಲಿ ಎಡವಿದ್ದೀನಿ?

ರಾತ್ರಿಪಾಳಿ:
ಎಲಾಸ್ಟಿಕ್‌ಸರ್ಚ್ ಹಾಕಿ, ಮುಗೀತು.

ತಾಮ್ರತಂತಿ:
ಇರೋದೇ 1 ಜಿಬಿ ರ್‍ಯಾಮ್ ಗುರು. ಆ ಜಾವಾ ಆನೆ ಎಲ್ಲಿ ಮಲಗ್ಬೇಕು?

ಸರಸ್ವತಿಪುರಂ:
ಇವು ಎರಡು ಬೇರೆ ಕಾಯಿಲೆ ಕಣ್ರೀ. ಮೊದಲು ಮೀಟರ್. ಎಫ್‌ಟಿಎಸ್5ರಲ್ಲಿ ಬರಹನ ಪದಗಳಾಗಿ ತುಂಡು ಮಾಡೋ ಮಾಮೂಲಿ ಟೋಕನೈಸರ್ ಯೂನಿಕೋಡ್61, ಅದಕ್ಕೆ ಮೂಲ ಅಕ್ಷರ, ಅಂಕಿ ಮಾತ್ರ ಲೆಕ್ಕ. ನಮ್ಮ ಗುಡಿಸು, ಕೊಂಬು, ಓತ್ವ ಕಂಡರೆ ಅಲ್ಲೇ ಪದ ಕತ್ತರಿಸುತ್ತೆ. ‘ಮೋಟರ್’ ಒಳಗೆ ಹೋಗೋದು ‘ಮ’, ‘ಟರ’ ಅಂತ. ‘ಮೀಟರ್’ ಕೂಡ ಅದೇ ಎರಡು ತುಂಡು! ಟೇಬಲ್ ಮಾಡುವಾಗ ಟೋಕನೈಸರ್ ಟ್ರೈಗ್ರಾಮ್ ಅಂತ ಕೊಡಿ, ಅದು ಪದ ನೋಡದೆ ಮೂರು ಮೂರು ಅಕ್ಷರದ ತುಂಡು ಮಾಡುತ್ತೆ, ಎಸ್‌ಕ್ಯೂಲೈಟ್ 3.34 ಅಥವಾ ಅದಕ್ಕಿಂತ ಹೊಸದು ಇರಬೇಕು. ಆಗ ‘ಪಂಪ’ ಅಂತ ಹೊಡೆದರೆ ಪಂಪ್, ಪಂಪಿನ, ಪಂಪಿಗೆ ಎಲ್ಲಾ ಸಿಗುತ್ತೆ. ಆದಿಕವಿಗೆ ಒಂದು ಪುಟ ಮಾಡಿದ್ರೆ ಅದೂ.

ಇನ್ನು 12 ಸೆಕೆಂಡ್. ಟೇಬಲ್ಲಲ್ಲಿ ಫೋಟೊ ಕಾಲಂ ಮೊದಲು, ಬರಹ ಆಮೇಲೆ ಇದೆಯಾ?

ತಾಮ್ರತಂತಿ:
ಹೌದು ಸಾರ್. ಹೇಗೆ ಗೊತ್ತಾಯ್ತು?

ಸರಸ್ವತಿಪುರಂ:
ನಾನೂ ಹಾಗೇ ಮಾಡಿದ್ದೆ. ಬರಹ ಮುಟ್ಟೋಕೆ ಅದು ಒಂದೊಂದು ಫೋಟೊನೂ ದಾಟ್ಕೊಂಡು ಹೋಗಬೇಕು, ಅಂದ್ರೆ ಎಸ್‌ಡಿ ಕಾರ್ಡಿಂದ ಹೆಚ್ಚುಕಮ್ಮಿ ಪೂರ್ತಿ 400 ಎಂಬಿ ಓದಬೇಕು. ಆಮೇಲೆ ವಾಸಿ ಆಗೋದು ರ್‍ಯಾಮಲ್ಲಿ ಉಳಿದಿರುತ್ತಲ್ಲ, ಅದಕ್ಕೆ. ಫೋಟೊಗಳನ್ನ ಫೋಲ್ಡರಿಗೆ ಹಾಕಿ, ಟೇಬಲ್ಲಲ್ಲಿ ಹೆಸರು ಮಾತ್ರ ಇಡಿ. ಮೊದಲು ಬ್ಯಾಕಪ್.

ತಾಮ್ರತಂತಿ:
ಭಾನುವಾರ ಕೂತು ಮಾಡ್ದೆ. ಫೋಟೊ ತೆಗೆದರೂ ಫೈಲು ಇಳೀಲೇ ಇಲ್ಲ, ಗಾಬರಿಯಾಯ್ತು. ಖಾಲಿ ಜಾಗ ಬಿಡಿಸೋ ವ್ಯಾಕ್ಯೂಮ್ ಕಮಾಂಡ್ ಕೊಟ್ಟ ಮೇಲೆ ಇಳೀತು. ಎಂಟರ್ ಒತ್ತೋದೇ ತಡ, ಪುಟ ಬರ್ತಿದೆ. ಆದ್ರೆ ಅಪ್ಪ ಮೊದಲು ಹುಡುಕಿಸಿದ್ದೇ ‘21’ ಗೇಜು, ಸಿಕ್ಕಿದ್ದು ಸೊನ್ನೆ. ಜೋರಾಗಿ ನಕ್ಕುಬಿಟ್ರು.

ಸರಸ್ವತಿಪುರಂ:
ಅಯ್ಯೋ, ಹೇಳೋದು ಮರೆತೆ. ಟ್ರೈಗ್ರಾಮಿಗೆ ಕನಿಷ್ಠ ಮೂರು ಅಕ್ಷರ ಬೇಕು. ‘ಪಂಪ’ದಲ್ಲಿ ಸೊನ್ನೆನೂ ಒಂದು ಅಂತ ಲೆಕ್ಕ, ಅದಕ್ಕೆ ಮೂರಾಯ್ತು; ‘21’ ಎರಡೇ. ಗೇಜಿಗೆ ಬೇರೆ ಕಾಲಂ ಮಾಡಿ ಮಾಮೂಲಿ ಇಂಡೆಕ್ಸ್ ಹಾಕಿ.

ತಾಮ್ರತಂತಿ:
ಕಾಲಂ ಸಾಲಲಿಲ್ಲ. 21, 22 ಎರಡೂ ತಂತಿ ಜೊತೆಗಿಟ್ಟು ಸುತ್ತಿರೋ ಮೋಟರೂ ಇದಾವೆ. ಗೇಜಿಗೇ ಒಂದು ಟೇಬಲ್ ಮಾಡಿ, ಅಂಥವಕ್ಕೆ ಎರಡೆರಡು ಸಾಲು ಹಾಕ್ದೆ. ಈಗ 21 ಸಿಗ್ತಿದೆ.