ಪಂಚಾಯಿತಿಯ ಶೇ 5ರ ಹಣ: ನಮ್ಮೂರ ವಿಶೇಷ ಮಕ್ಕಳಿಗೆ ಹೇಗೆ ಬಳಸೋದು?

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯ, ಮೂಡಿಗೆರೆ ತಾಲ್ಲೂಕು): ಮೇಡಂ, ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5 ವಿಕಲಚೇತನರಿಗೆ ಮೀಸಲು. ಮಾರ್ಚ್ ಬಂದರೆ ತಲೆಗಿಷ್ಟು ಅಂತ ಹಂಚಿ ಕೈ ತೊಳೆದುಕೊಳ್ಳುತ್ತೇವೆ. ಬುದ್ಧಿ ಬೆಳವಣಿಗೆ ನಿಧಾನ ಇರುವವರು, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈ ಹಿಡಿತ ತಪ್ಪುವುದು), ಆಟಿಸಂ ಇರುವ ಮಕ್ಕಳಿಗೆ ಇದರಿಂದ ಏನೂ ಆದ ಹಾಗೆ ಕಾಣುತ್ತಿಲ್ಲ. ಏನು ಮಾಡಬಹುದು?

ಉತ್ತರ (ಪುನರ್ವಸತಿ ಸಮಾಜ ಕಾರ್ಯಕರ್ತೆ, ಚಿಕ್ಕಮಗಳೂರು): ಹಂಚಿದರೆ ಲೆಕ್ಕ ಸುಲಭ ಸರ್, ಆಡಿಟ್‌ನವರೂ ಸುಮ್ನಿರ್ತಾರೆ. ಆದರೆ ಎಸ್ಟೇಟಿನ ಒಂದು ಲೈನ್ ಮನೆಯಲ್ಲಿ ನಾನು ನೋಡಿದ್ದು ಕೇಳಿ. ಸೆರೆಬ್ರಲ್ ಪಾಲ್ಸಿ ಇರುವ ಪುಟ್ಟ ಹುಡುಗಿಗೆ ದೊಡ್ಡವರ ಗಾಲಿಕುರ್ಚಿ ಕೊಟ್ಟಿದ್ದರು. ಕೂರಿಸಿದರೆ ಸೊಂಟ ನಿಲ್ಲದೆ ಕೆಳಕ್ಕೆ ಜಾರುತ್ತಾಳೆ. ಈಗ ಆ ಕುರ್ಚಿಯ ಮೇಲೆ ಕಾಳುಮೆಣಸಿನ ಚೀಲ!

ಮೊದಲು ನಿಮ್ಮ ವಿ.ಆರ್.ಡಬ್ಲ್ಯು. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ), ಆಶಾ, ಅಂಗನವಾಡಿ ಕಾರ್ಯಕರ್ತೆ, ಮೂವರನ್ನೂ ಒಟ್ಟಿಗೆ ಕೂರಿಸಿ. ಪ್ರತಿ ಮಗುವಿನ ಹೆಸರಿನ ಮುಂದೆ ವಯಸ್ಸು ಮತ್ತು ಈಗ ಬೇಕಿರೋದು ಏನು ಅಂತ ಬರೆಸಿ. ವಿಕಲತೆ ಶೇಕಡಾ ಎಷ್ಟು ಅನ್ನೋದು ಆಮೇಲೆ.

ಆರು ವರ್ಷದೊಳಗಿನವರಿಗೆ ತಡ ಮಾಡಬೇಡಿ. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ವರ್ಷಕ್ಕೆ 2 ಸಲ ಅಂಗನವಾಡಿಗೆ ಬರಬೇಕು. ತೊಂದರೆ ಕಂಡರೆ ಜಿಲ್ಲೆಯ ಡಿಇಐಸಿಗೆ, ಅಂದರೆ ಚಿಕ್ಕಂದಿನಲ್ಲೇ ಚಿಕಿತ್ಸೆ ಶುರುಮಾಡುವ ಕೇಂದ್ರಕ್ಕೆ, ಕಳಿಸುತ್ತಾರೆ. ಅಲ್ಲಿಗೆ ಹೋಗೋದೇ ಕಷ್ಟ. ತಾಯಿಗೆ ಒಂದು ದಿನದ ಕೂಲಿ ಹೋಗುತ್ತೆ, ಮಗುವನ್ನು ಎತ್ತಿಕೊಂಡೇ ಬಸ್ ಹತ್ತಬೇಕು. ಎರಡು ಸಲ ಹೋದವರು ಮೂರನೇ ಸಲ ಹೋಗಲ್ಲ. ನನ್ನ ಕೇಳಿದರೆ ಮೊದಲ ರೂಪಾಯಿ ಇಲ್ಲೇ ಹಾಕಿ: ನಿಗದಿತ ದಿನ ಒಂದು ವಾಹನ, ಇಲ್ಲವೇ ವಾರಕ್ಕೊಮ್ಮೆ ಫಿಸಿಯೋಥೆರಪಿಸ್ಟ್ ನಿಮ್ಮೂರಿಗೇ ಬರುವ ಹಾಗೆ. ಪಿಡಿಒ ಜೊತೆ ಮಾತಾಡಿ ಕ್ರಿಯಾಯೋಜನೆಯಲ್ಲೇ ಬರೆಸಿಬಿಡಿ.

ಶಾಲೆಗೆ ಹೋಗಲಾಗದವರಿಗೆ ಮನೆಗೇ ಬಂದು ಕಲಿಸಲು ಬಿಐಇಆರ್‌ಟಿ (ವಿಶೇಷ ಮಕ್ಕಳಿಗಾಗಿ ತಾಲ್ಲೂಕು ಮಟ್ಟದಲ್ಲಿರುವ) ಶಿಕ್ಷಕರಿದ್ದಾರೆ, ಬಿಇಒ ಕಚೇರಿಯಲ್ಲಿ ಕೇಳಿ.

ಇನ್ನೊಬ್ಬರು (ತಾಯಿ, ಬೇಲೂರು): ಅಕ್ಕಾ, ನನ್ನ ಮಗನಿಗೆ ಬೌದ್ಧಿಕ ವಿಕಲತೆ ಇದೆ. ಮುಂದಿನ ವರ್ಷ 18 ತುಂಬುತ್ತೆ. ಆಮೇಲೆ?

ಉತ್ತರ: ಒಳ್ಳೇ ಸಮಯಕ್ಕೆ ಕೇಳಿದ್ರಿ ಅಮ್ಮಾ. 18 ಆದ ಮೇಲೆ ಬ್ಯಾಂಕು, ಜಮೀನು ವಿಷಯದಲ್ಲಿ ತಾಯಿ ಅನ್ನೋದಷ್ಟೇ ಸಾಕಾಗಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಡಿಸಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಕಾನೂನುಬದ್ಧ ಪಾಲಕತ್ವಕ್ಕೆ ಅರ್ಜಿ ಹಾಕಿ. ಅದೇ ಕಾಯ್ದೆಯ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತೆ, ಥೆರಪಿ ಖರ್ಚಿಗೂ ಅದರಲ್ಲಿ ಪಾಲಿದೆ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಮಾಡಿಸಿದ್ದೀರಾ? ಇದ್ದರೆ ಅದರ ಅವಧಿ ಇವತ್ತೇ ನೋಡಿ. ಚಿಕ್ಕವನಿದ್ದಾಗ ಕೊಟ್ಟಿದ್ದು ತಾತ್ಕಾಲಿಕ ಆಗಿರಬಹುದು.

ಮೊದಲ ಪ್ರಶ್ನೆಯವರು: ಶುಕ್ರವಾರ ಸಾಮಾನ್ಯ ಸಭೆ ಇದೆ ಮೇಡಂ, ವಾಹನದ ವಿಷಯ ಎತ್ತುತ್ತೇನೆ.

ಉತ್ತರ: ಸಭೆಗೆ ಈ ಮಕ್ಕಳ ತಾಯಂದಿರಲ್ಲಿ ಇಬ್ಬರನ್ನೂ ಕರೆಯಿರಿ ಸರ್. ಯಾವ ದಿನ ಕೂಲಿ ಬಿಡಬಹುದು ಅನ್ನೋದು ಅವರಿಗೇ ಗೊತ್ತಿರೋದು.