ಡಿಜಿ (ಡೀಸೆಲ್ ಜನರೇಟರ್) ಶುರುವಾದರೂ ಯುಪಿಎಸ್ ಬ್ಯಾಟರಿ ಬಿಡ್ತಿಲ್ಲ: ಎಫ್‌ಎಂ ಟ್ರಾನ್ಸ್‌ಮಿಟರ್‌ಗೆ ಏನು ವ್ಯವಸ್ಥೆ?

ಪ್ರಶ್ನೆ
ಕನಕಪುರ ರಸ್ತೆ ಕಡೆಯ ಸಮುದಾಯ ರೇಡಿಯೊ. 50 ವ್ಯಾಟ್ ಟ್ರಾನ್ಸ್‌ಮಿಟರ್, ಆಡಿಯೊ ಪ್ರೊಸೆಸರ್, ಕಂಪ್ಯೂಟರ್, ರೂಟರ್ ಸೇರಿ ಲೋಡ್ ಸುಮಾರು 350 ವ್ಯಾಟ್. 1 ಕೆವಿಎ ಲೈನ್ ಇಂಟರಾಕ್ಟಿವ್ ಯುಪಿಎಸ್ ಇದೆ, ಅದಕ್ಕೆ 5 ಕೆವಿಎ ಸಿಂಗಲ್ ಫೇಸ್ ಡಿಜಿ. ಕರೆಂಟ್ ಹೋಗಿ ಡಿಜಿ ಶುರುವಾದ ಮೇಲೂ ಯುಪಿಎಸ್ ಟಕ್ ಟಕ್ ಅಂತ ಡಿಜಿಗೂ ಬ್ಯಾಟರಿಗೂ ಅತ್ತಿತ್ತ ಬದಲಾಗಿ, ಕೊನೆಗೆ ಬ್ಯಾಟರಿ ಖಾಲಿಯಾಗಿ ಆಫ್ ಆಗುತ್ತೆ. ಮೀಟರ್‌ನಲ್ಲಿ ಡಿಜಿ ವೋಲ್ಟೇಜ್ 232, ಸರಿಯಾಗೇ ಇದೆ. ಏಪ್ರಿಲ್-ಮೇ ಗುಡುಗು ಮಳೆಗೆ ಮುಂಚೆ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿದರೆ ಸಾಕಾ?

ಉತ್ತರ 1
ವೋಲ್ಟೇಜ್ ಬಿಡಿ, ಫ್ರೀಕ್ವೆನ್ಸಿ ನೋಡಿ ಸರ್. ಮೆಕ್ಯಾನಿಕಲ್ ಗವರ್ನರ್ (ಎಂಜಿನ್ ವೇಗ ಹಿಡಿದಿಡುವ ಭಾಗ) ಇರುವ ಸಣ್ಣ ಡಿಜಿ ಲೋಡ್ ಇಲ್ಲದಾಗ 50ರ ಬದಲು 52-53 ಹರ್ಟ್ಜ್‌ನಲ್ಲಿ ಓಡುತ್ತೆ. 5 ಕೆವಿಎಗೆ 350 ವ್ಯಾಟ್ ಅಂದರೆ ಲೋಡ್ ಇಲ್ಲದ ಹಾಗೇ. ಲೈನ್ ಇಂಟರಾಕ್ಟಿವ್ ಯುಪಿಎಸ್ ಬಂದ ಕರೆಂಟನ್ನೇ ಮುಂದಕ್ಕೆ ಕೊಡೋದರಿಂದ ಇದನ್ನು ಒಪ್ಪಲ್ಲ. ಆನ್‌ಲೈನ್ ಯುಪಿಎಸ್ ಮೊದಲು ಡಿಸಿ ಮಾಡಿಕೊಂಡು ತಾನೇ ಎಸಿ ಕರೆಂಟ್ ತಯಾರಿಸುತ್ತೆ, ಆದ್ದರಿಂದ ಇಷ್ಟು ಏರುಪೇರು ಅದಕ್ಕೆ ಲೆಕ್ಕಕ್ಕಿಲ್ಲ.

1 ಕೆವಿಎ ಆನ್‌ಲೈನ್, ಹೊರಗೆ 12 ವೋಲ್ಟ್ 26 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಮೂರು (36 ವೋಲ್ಟ್). ನಿಮ್ಮ ಲೋಡ್‌ಗೆ ಸುಮಾರು 11 ಆಂಪ್ ಎಳೆಯುತ್ತೆ. ಹೊಸದರಲ್ಲಿ ಒಂದು ಗಂಟೆ ದಾಟುತ್ತೆ. ಕೊಳ್ಳುವಾಗ ಹೊರಗಿನ ಬ್ಯಾಟರಿಗೆ ತಕ್ಕ ಚಾರ್ಜರ್ ಇರುವ ಮಾಡೆಲ್ಲೇ ಕೇಳಿ. ಬ್ಯಾಟರಿ ತಂಪು ಜಾಗದಲ್ಲಿರಲಿ: 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿಗೆ ಆಯುಸ್ಸು ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತೆ. ಕೋಣೆಯ ಏರ್ ಕಂಡೀಷನರನ್ನು ಯುಪಿಎಸ್‌ಗೆ ಹಾಕಬೇಡಿ, ಡಿಜಿಗೆ ಹಾಕಿ, ಡಿಜಿ ಶುರುವಾಗಿ 3 ನಿಮಿಷದ ಮೇಲೆ ಆನ್ ಆಗುವಂತೆ ಟೈಮರ್ ಕೊಟ್ಟು. ಡಿಜಿಗೂ ಒಳ್ಳೇದು, ತೀರಾ ಕಡಿಮೆ ಲೋಡ್‌ನಲ್ಲಿ ದಿನವೂ ಓಡಿದರೆ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರ್‌ನಲ್ಲಿ ಮಸಿ ಕಟ್ಟುತ್ತೆ.

ಉತ್ತರ 2
ಸರ್ಜ್ ಪ್ರೊಟೆಕ್ಟರ್ ಒಂದೇ ಸಾಲದು. ಅದು ತಡೆಯೋದು ಮೈಕ್ರೊಸೆಕೆಂಡುಗಳ ಹೊಡೆತ ಮಾತ್ರ. ಮಳೆಗಾಳಿಗೆ ಕಂಬದಲ್ಲಿ ನ್ಯೂಟ್ರಲ್ ಕಿತ್ತುಹೋದರೆ ನಿಮ್ಮ ಫೇಸ್‌ಗೆ 300 ವೋಲ್ಟ್ ದಾಟಿ ನಿಮಿಷಗಟ್ಟಲೆ ಬರಬಹುದು. ಆಗ ಅದರೊಳಗಿನ ಎಂಒವಿ (ಹೊಡೆತ ಹೀರುವ ಬಿಲ್ಲೆ) ಬಿಸಿಯಾಗಿ ತಾನೇ ಸುಟ್ಟುಹೋಗುತ್ತೆ. ಹಾಗಾಗಿ ಮೊದಲು ಓವರ್/ಅಂಡರ್ ವೋಲ್ಟೇಜ್ ರಿಲೇ ಮತ್ತು ಕಾಂಟ್ಯಾಕ್ಟರ್ (ರಿಲೇ ಹೇಳಿದಾಗ ಲೈನ್ ಕಡಿಯುವ ಸ್ವಿಚ್): 270 ವೋಲ್ಟ್ ಮೀರಿದರೆ ಅಥವಾ 170ಕ್ಕಿಂತ ಇಳಿದರೆ ಕಡಿದು, ಕರೆಂಟ್ ಸರಿಹೋದ ಮೇಲೆ 3 ನಿಮಿಷ ಕಾದು ಮತ್ತೆ ಸೇರಿಸುವಂತೆ. ಹೋಗಿ ಬಂದು ಮಾಡುವ ಕರೆಂಟಿಗೆ ಈ ಕಾಯುವಿಕೆ ಬಹಳ ಮುಖ್ಯ.

ಎಸ್‌ಪಿಡಿ (ಅದೇ ಸರ್ಜ್ ಪ್ರೊಟೆಕ್ಟರ್) ಮೇನ್ ಬೋರ್ಡ್‌ನಲ್ಲಿ ಸಿಡಿಲಿನ ದೊಡ್ಡ ಹೊಡೆತಕ್ಕೆ ಟೈಪ್ 1+2, ಉಳಿದ ಸಣ್ಣ ಹೊಡೆತಕ್ಕೆ ಟ್ರಾನ್ಸ್‌ಮಿಟರ್ ಹತ್ತಿರ ಟೈಪ್ 3. ಅದಕ್ಕೆ ಹೋಗುವ ಫೇಸ್ ಮತ್ತು ಅರ್ತ್ ತಂತಿ ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು. ಉದ್ದ ತಂತಿಯ ಇಂಡಕ್ಟನ್ಸ್‌ನಿಂದಲೇ ಸಾವಿರ ವೋಲ್ಟ್ ಹೆಚ್ಚಿಗೆ ಉಪಕರಣಕ್ಕೆ ಹೋಗುತ್ತೆ. ಎಲೆಕ್ಟ್ರಿಷಿಯನ್ನರು ತಂತಿಯನ್ನು ಅಂದವಾಗಿ ಸುತ್ತಿಬಿಡ್ತಾರೆ, ಅದಕ್ಕೆ ಬಿಡಬೇಡಿ.

ಪ್ರಶ್ನೆ ಕೇಳಿದವರು
ಧನ್ಯವಾದ ಸರ್. ಟವರ್‌ಗೆ ಬೇರೆ ಅರ್ತ್ ಗುಂಡಿ ಇದೆ, ಮೇನ್ಸ್‌ಗೆ ಬೇರೆ. ಪರವಾಗಿಲ್ವಾ?

ಉತ್ತರ 2
ಗುಂಡಿ ಎಷ್ಟಾದರೂ ಇರಲಿ, ಎಲ್ಲವನ್ನೂ ಮಣ್ಣಿನಡಿ ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿಯಿಂದ ಜೋಡಿಸಲೇಬೇಕು. ಇಲ್ಲದಿದ್ದರೆ ಸಿಡಿಲು ಬಡಿದಾಗ ಎರಡು ಅರ್ತ್ ನಡುವಿನ ವೋಲ್ಟೇಜ್ ಕೊಯಾಕ್ಸ್ ಕೇಬಲ್ (ಆಂಟೆನಾಗೆ ಹೋಗುವ ಕೇಬಲ್) ಹಿಡಿದು ಟ್ರಾನ್ಸ್‌ಮಿಟರ್ ಒಳಗಿಂದಲೇ ದಾಟುತ್ತೆ. ಕೊಯಾಕ್ಸ್ ಹೊರಕವಚವನ್ನು ಟವರ್ ಬುಡದಲ್ಲಿ ಒಮ್ಮೆ, ಗೋಡೆ ಹೊಗುವ ಮುಂಚೆ ಇನ್ನೊಮ್ಮೆ ಅರ್ತ್ ಕಿಟ್‌ನಿಂದ ಕಟ್ಟಿ. ಆ ಕಡೆ ಬಂಡೆ ಬೇಗ ಸಿಗುತ್ತೆ; ಆಳ ಆಗದಿದ್ದರೆ ಪಟ್ಟಿಯನ್ನು ಅಡ್ಡಡ್ಡ ಕಾಲುವೆ ತೋಡಿ ಹರಡಿ.

ಉತ್ತರ 1
ಇನ್ನೊಂದು: ಡಿಜಿಯ ನ್ಯೂಟ್ರಲ್ ಅರ್ತ್‌ಗೆ ಕಟ್ಟಿದೆಯಾ? ಇಲ್ಲದಿದ್ದರೆ ಎರಡೂ ತಂತಿಯಿಂದ ಅರ್ತ್‌ಗೆ ಸುಮಾರು 115 ವೋಲ್ಟ್ ತೋರಿಸುತ್ತೆ, ಯುಪಿಎಸ್ ವೈರಿಂಗ್ ದೋಷ ಅಂತ ಕೂಗಬಹುದು. ಡಿಜಿ ಕಡೆ ಕಟ್ಟಿ, ಚೇಂಜ್‌ಓವರ್ ಸ್ವಿಚ್ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವಂಥದ್ದು) ಇರಲಿ. ಎಲ್ಲ ಮುಗಿದ ಮೇಲೆ ಪ್ರಸಾರವಿಲ್ಲದ ಹೊತ್ತಲ್ಲಿ ಮೇನ್ ಎಂಸಿಬಿ ಕೆಳಗಿಳಿಸಿ ಡಿಜಿ ಮೇಲೆ 30 ನಿಮಿಷ ಓಡಿಸಿ, ವಾಪಸ್ ಮೇನ್ಸ್‌ಗೆ ಬರುವಾಗಲೂ ಟ್ರಾನ್ಸ್‌ಮಿಟರ್ ಪವರ್ ಕದಲದೆ ಇರುತ್ತಾ ನೋಡಿ. ತಿಂಗಳಿಗೊಮ್ಮೆ ಇದೇ ಪರೀಕ್ಷೆ.